ಕನ್ಯೆ ನೋಡುವ ದಿನ ಒತ್ತಿದ ಗುಂಡಿ

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆ ಕಟ್ಟಿದವರು ನನ್ನಂಥವನನ್ನು ಎದುರಿಗೆ ಕೂರಿಸಿಕೊಂಡೇ ಕಟ್ಟಿರಬೇಕು. ಗಡಿಬಿಡಿ ನನ್ನ ಹುಟ್ಟುಗುಣ. ಇದು ಬಾಯಿಮಾತಿಗೆ ಹೇಳುವುದಲ್ಲ, ನಾನು ಹುಟ್ಟಿದ್ದೇ ದಿನ ತುಂಬುವ ಮುಂಚೆ, ಚಕ್ಕಡಿಯೊಳಗೆ, ಖಾನಾಪುರದ ದವಾಖಾನೆ ಇನ್ನೂ ಹರದಾರಿ ದೂರವಿದ್ದಾಗ. "ಇವಗ ಹೊಟ್ಟಿಯೊಳಗ ಇದ್ದಾಗಿಂದ ತಡಕೊಳ್ಳೂದು ಗೊತ್ತಿಲ್ಲ" ಎಂದು ಅವ್ವ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಚಹಾ ಆರುವ ತನಕ ಕಾಯಲಾರದೆ ನಾಲಿಗೆ ಸುಟ್ಟುಕೊಳ್ಳುವವನು ನಾನು. ರೈಲು ನಿಲ್ಲುವ ಮೊದಲೇ ಇಳಿದು, ಅದು ನಮ್ಮ ಸ್ಟೇಷನ್ ಅಲ್ಲವೆಂದು ತಿಳಿದು, ಮತ್ತೆ ಓಡಿ ಹತ್ತಿದವನೂ ನಾನೇ. ಒಮ್ಮೆ ಖಾಸಬಾಗದಲ್ಲಿ ಒಂದು ಮದುವೆಗೆ ಹೋಗಿ, ಅವಸರದಲ್ಲಿ ಪಕ್ಕದ ಮಂಟಪಕ್ಕೆ ನುಗ್ಗಿ, ಆಹೇರಿನ ಕಾಣಿಕೆ ಕೊಟ್ಟು, ಎರಡನೇ ಸಲ ಹೋಳಿಗೆ ಹಾಕಿಸಿಕೊಂಡ ಮೇಲೆಯೇ ಮದುಮಗನ ಮುಖ ನೋಡಿದ್ದು. ಇಂಥವನ ಕೈಗೆ ಒಂದು ಕಟ್ಟಡದ ಬೆಂಕಿ ಆರಿಸುವ ಯಂತ್ರವನ್ನು ಯಾರಾದರೂ ಕೊಡುತ್ತಾರೆಯೇ ಎಂದು ನೀವು ಕೇಳಬಹುದು. ಕೊಟ್ಟರು. ಕೊಟ್ಟು, ಅದಕ್ಕೆ ನನ್ನನ್ನು ಜವಾಬ್ದಾರನನ್ನಾಗಿಯೂ ಮಾಡಿದರು.

ಎಂಬತ್ತರ ದಶಕದ ನಡುವಿನ ಮಾತು. ಬೆಳಗಾವಿಯಲ್ಲಿ ನಾನಿದ್ದ ಆಫೀಸಿನ ಹೆಸರು ಹೇಳುವುದಿಲ್ಲ, ಪಿಂಚಣಿ ಇನ್ನೂ ಅಲ್ಲಿಂದಲೇ ಬರುತ್ತದೆ. ನಮ್ಮಲ್ಲಿಗೆ ಒಂದು ಕಂಪ್ಯೂಟರ್ ಬಂತು. ಈಗಿನವರು ಅದನ್ನು ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಾರೆ, ಆಗ ಅದು ಒಂದು ಇಡೀ ಕೋಣೆಯನ್ನು ತಿಂದುಹಾಕಿತು. ಅದಕ್ಕೆ ಗಾಜಿನ ಗೋಡೆ, ಹವಾನಿಯಂತ್ರಣ, ಚಪ್ಪಲಿ ಬಿಚ್ಚಿ ಒಳಗೆ ಹೋಗುವ ಶಿಸ್ತು. ಅದರ ಜೊತೆಗೇ ಬಂದದ್ದು ಬೆಂಕಿ ಆರಿಸುವ ವ್ಯವಸ್ಥೆ. ಕೋಣೆಯ ಹೊರಗೆ, ಪ್ಯಾಸೇಜಿನ ಗೋಡೆಗೆ ಒಂದು ಕಬ್ಬಿಣದ ಪೆಟ್ಟಿಗೆ ಬಡಿದರು. ಅದೇ ಪ್ಯಾನೆಲ್ಲು. ಅದರ ಬಾಜೂಕೆ ಆಳೆತ್ತರದ ಎರಡು ಕೆಂಪು ಸಿಲಿಂಡರುಗಳನ್ನು ಪಟ್ಟಿ ಹಾಕಿ ನಿಲ್ಲಿಸಿದರು. ಕೋಣೆಯ ಮಾಳಿಗೆಗೆ ಹೊಗೆಯ ವಾಸನೆ ಹಿಡಿಯುವ ಎರಡು ಬಿಲ್ಲೆಗಳು. ಮೊದಲನೆಯ ಬಿಲ್ಲೆಗೆ ಹೊಗೆ ತಾಗಿದರೆ ಗಂಟೆ ಬಾರಿಸುತ್ತದೆ. ಎರಡನೆಯದಕ್ಕೂ ತಾಗಿದರೆ ಸೈರನ್ನಿನಂಥ ಭೋಂಗಾ ಕೂಗುತ್ತದೆ, ಪ್ಯಾನೆಲ್ಲಿನ ಮೇಲಿರುವ ಪುಟ್ಟ ಕೆಂಪು ದೀಪಗಳ ಸಾಲು ಒಂದೊಂದಾಗಿ ಆರುತ್ತ ಹೋಗುತ್ತದೆ. ಕೊನೆಯ ದೀಪ ಆರಿತೋ, ಸಿಲಿಂಡರಿನ ಗ್ಯಾಸು ಭುಸ್ಸೆಂದು ಕೋಣೆಯೊಳಗೆ ನುಗ್ಗಿ ಬೆಂಕಿಯ ಉಸಿರು ಕಟ್ಟಿಸುತ್ತದೆ. ಸುಳ್ಳು ಹೊಗೆಯಾಗಿದ್ದರೆ ತಡೆಯಲು ಒಂದು ಗುಂಡಿ ಇತ್ತು. ಒತ್ತಿ ಹಿಡಿದಿರುವಷ್ಟು ಹೊತ್ತು ದೀಪಗಳು ನಿಂತಲ್ಲೇ ನಿಲ್ಲುತ್ತವೆ. ಬಿಟ್ಟರೆ ಮತ್ತೆ ಹೊರಡುತ್ತವೆ. ಪೂರ್ತಿ ನಿಲ್ಲಿಸಲು ಮಾತ್ರ ಕೀಲಿ ಬೇಕು, ಅದನ್ನು ಪ್ಯಾನೆಲ್ಲಿನ ತೂತಿಗೆ ಹಾಕಿ ತಿರುವಬೇಕು.

ಇದನ್ನೆಲ್ಲ ಕಲಿಸಲು ಮುಂಬಯಿಯಿಂದ ಒಬ್ಬ ಇಂಜಿನಿಯರ್ ಬಂದಿದ್ದ. ಅವನೂ ನನ್ನ ಹಾಗೆಯೇ ಅವಸರದವನು, ಸಂಜೆಯ ಗಾಡಿ ಹಿಡಿಯಬೇಕಿತ್ತು. "ಚುರುಕಾದ ಒಬ್ಬ ಮನುಷ್ಯನನ್ನು ಕೊಡಿ" ಎಂದ. ಮ್ಯಾನೇಜರ್ ಸಾಹೇಬರು ಆಫೀಸಿನ ತುಂಬ ಕಣ್ಣಾಡಿಸಿ, "ಶಿವಾನಂದ, ಐದು ಹೊಡದ ಕೂಡ್ಲೆ ಎಲ್ಲಾರಕಿಂತ ಮೊದಲ ಎದ್ದು ಓಡಾವ್ರು ನೀವ. ನೀವ ಬರ್ರಿ" ಎಂದರು. ನಾನು ಅರ್ಧ ದಿನದಲ್ಲಿ ತಯಾರಾದೆ. ಹಸಿರು ದೀಪ ಹತ್ತಿದ್ದರೆ ಎಲ್ಲ ಸರಿ ಎಂಬುದು ನೆನಪಿನಲ್ಲಿ ಉಳಿಯಿತು. ಹಳದಿ ದೀಪದ ಬಗ್ಗೆಯೂ ಅವನು ಏನೋ ಹೇಳಿದ, ಆದರೆ ಅಷ್ಟರಲ್ಲಿ ನಾನು ಕೆಂಪು ದೀಪಗಳ ಕಡೆ ಹೋಗಿಬಿಟ್ಟಿದ್ದೆ. ನಮ್ಮ ಪ್ಯಾನೆಲ್ಲಿನಲ್ಲಿ ಮೊದಲ ದಿನದಿಂದಲೂ ಹಸಿರು, ಹಳದಿ ಎರಡೂ ಜೋಡಿಯಾಗಿ ಉರಿಯುತ್ತಿದ್ದವು. ಹಳದಿ ಶುಭವೇ ಅಲ್ಲವೇ ಎಂದುಕೊಂಡೆವು. ಆಫೀಸಿನ ಜವಾನ ಮಕ್ತುಂಸಾಬ ಪ್ರತಿ ಬೆಳಿಗ್ಗೆ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ ಇನ್ನಷ್ಟು ಹೊಳೆಯುವಂತೆ ಮಾಡುತ್ತಿದ್ದ.

ಅಂದಿನಿಂದ ನನ್ನ ನಡಿಗೆಯೇ ಬದಲಾಯಿತು. ಪ್ಯಾನೆಲ್ಲಿನ ಮುಂದೆ ಹಾದುಹೋಗುವಾಗಲೆಲ್ಲ ಒಮ್ಮೆ ನಿಂತು, ಹುಬ್ಬು ಗಂಟಿಕ್ಕಿ, ತಲೆಯಾಡಿಸಿ ಮುಂದೆ ಹೋಗುತ್ತಿದ್ದೆ. ಏನು ನೋಡಿ ತಲೆಯಾಡಿಸುತ್ತಿದ್ದೆನೆಂದು ನನಗೂ ಗೊತ್ತಿರಲಿಲ್ಲ. ಖಾಸಬಾಗದ ನಮ್ಮ ಓಣಿಯಲ್ಲಿ ಅವ್ವ "ನಮ್ಮ ಶಿವಾ ಬೆಂಕಿ ಖಾತೇದಾಗ ಅದಾನ" ಎಂದು ಸುದ್ದಿ ಹಬ್ಬಿಸಿದಳು. ಪಕ್ಕದ ಮನೆಯವರು ಒಲೆಗೆ ಹಸಿ ಕಟ್ಟಿಗೆ ಹಾಕಿ ಹೊಗೆ ತುಂಬಿಕೊಂಡಾಗ ನನ್ನನ್ನು ಕರೆಯಲು ಬರುತ್ತಿದ್ದರು. ಆದರೆ ಇಷ್ಟೆಲ್ಲ ಅಧಿಕಾರವಿದ್ದರೂ ಕೀಲಿ ಮಾತ್ರ ನನ್ನ ಬಳಿ ಇರಲಿಲ್ಲ. ಕೀಲಿ ಎಂದರೆ ಕೀಲಿ, ಅದು ಖಜಾಂಚಿಯ ಬಳಿ ಇರತಕ್ಕದ್ದು ಎಂಬುದು ನಮ್ಮ ಆಫೀಸಿನ ನಿಯಮ. ಖಜಾಂಚಿ ದೇಶಪಾಂಡೆಯವರು ದಿನಾಲೂ ಖಾನಾಪುರದಿಂದ ರೈಲಿನಲ್ಲಿ ಬಂದುಹೋಗುವವರು. ಮನೆಯ ಕಪಾಟಿನ ಕೀಲಿಯಿಂದ ಹಿಡಿದು ಆಫೀಸಿನ ಸೇಫಿನ ಕೀಲಿಯವರೆಗೆ ಎಲ್ಲವನ್ನೂ ಜನಿವಾರಕ್ಕೆ ಕಟ್ಟಿಕೊಳ್ಳುವುದು ಅವರ ರೂಢಿ. ಅವರು ಅಂಗಿಯೊಳಗೆ ಕೈ ಹಾಕಿದರೆ ಕುರಿಯ ಕೊರಳ ಗಂಟೆಯಂತೆ ಸದ್ದಾಗುತ್ತಿತ್ತು. ನನ್ನ ಪ್ಯಾನೆಲ್ಲಿನ ಪುಟ್ಟ ಕೀಲಿಯೂ ಆ ಗುಂಪಿಗೆ ಸೇರಿತು.

ಈಗ ನನ್ನ ಮದುವೆಯ ಮಾತಿಗೆ ಬರುತ್ತೇನೆ, ಇಷ್ಟು ಹೊತ್ತು ಅದನ್ನು ತಡೆದುಕೊಂಡದ್ದೇ ನನ್ನ ಮಟ್ಟಿಗೆ ದೊಡ್ಡದು. ಆ ಶ್ರಾವಣದಲ್ಲಿ ನನಗೊಂದು ಸಂಬಂಧ ಬಂದಿತ್ತು. ಹುಡುಗಿಯ ತಂದೆ ಕಲ್ಲಪ್ಪಣ್ಣ ಖಾನಾಪುರದಲ್ಲಿ ಸೀಮೆಎಣ್ಣೆಯ ಡಿಪೋ ಇಟ್ಟವರು. ಗಟ್ಟಿ ಕುಳ, ಆದರೆ ಸಂಶಯದ ಮನುಷ್ಯ. ಹಿರಿಯ ಅಳಿಯ ಮೂರು ನೌಕರಿ ಹಿಡಿದು ಮೂರನ್ನೂ ಬಿಟ್ಟು ಬಂದು ಡಿಪೋದಲ್ಲಿ ಕೂತಿದ್ದನಂತೆ. ಆದ್ದರಿಂದ ಕಿರಿಯ ಮಗಳು ಗಿರಿಜೆಗೆ "ಹಿಡದ ಕೆಲಸ ಬಿಡದಾಂವ ಬೇಕು" ಎಂಬುದೊಂದೇ ಅವರ ಷರತ್ತು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ, ಆ ತಿಂಗಳು ಮ್ಯಾನೇಜರು ಒಂದು ಸಹಿ ಹಾಕಿದರೆ ಆಗುವುದಿತ್ತು. ಟಿಳಕವಾಡಿಯಲ್ಲಿರುವ ಹುಡುಗಿಯ ಸೋದರತ್ತೆಯ ಮನೆಯಲ್ಲಿ ನೂಲ ಹುಣ್ಣಿಮೆಯ ದಿನ ಸಂಜೆ ನಾಲ್ಕಕ್ಕೆ ಕನ್ಯೆ ನೋಡುವುದೆಂದು ನಿಶ್ಚಯವಾಯಿತು. ಹುಡುಗಿಯ ಫೋಟೋ ನೋಡಿದ್ದೆ. ಕ್ಯಾಮರಾದವನಿಗೇ ಏನೋ ಕೇಳುವಂತೆ ನೇರವಾಗಿ ನೋಡುತ್ತಿದ್ದಳು. ಆ ಫೋಟೋ ಕಂಡ ದಿನದಿಂದ ನನಗೆ ನಿದ್ದೆ ಹತ್ತಿರಲಿಲ್ಲ. ಇದು ನನಗೆ ಆಗಲೇಬೇಕಾದ ಸಂಬಂಧ ಎಂದು ಮನಸ್ಸು ಹೇಳುತ್ತಿತ್ತು, ಮತ್ತು ನಾನು ಅದನ್ನು ಹೇಗಾದರೂ ಕೆಡಿಸಿಯೇ ಕೆಡಿಸುತ್ತೇನೆ ಎಂದು ಅವ್ವ ಹೇಳುತ್ತಿದ್ದಳು.

ಆ ದಿನ ಹೊಸ ಇಸ್ತ್ರಿ ಅಂಗಿ ಹಾಕಿಕೊಂಡು ಆಫೀಸಿಗೆ ಹೋದೆ. ಮೂರು ಗಂಟೆಗೆ ಹೊರಡಲು ಪರವಾನಗಿ ಸಿಕ್ಕಿತ್ತು. ಹೊರಗೆ ಮಳೆ ಜಿಟಿಜಿಟಿ ಹಿಡಿದಿತ್ತು. ಬೆಳಗಾವಿಯ ಶ್ರಾವಣದ ಥಂಡಿ ಸಾಲದೆಂಬಂತೆ ಕಂಪ್ಯೂಟರ್ ಕೋಣೆಯ ಥಂಡಿ ಬೇರೆ. ಯಂತ್ರಕ್ಕೆ ತಂಪು ಬೇಕು, ಅದರ ಮುಂದೆ ಕೂರುವ ಮನುಷ್ಯರಿಗೆ ಬೆಚ್ಚಗೆ ಬೇಕು, ಈ ವಿಷಯವನ್ನು ಯಾರೂ ವಿಚಾರ ಮಾಡಿರಲಿಲ್ಲ. ಅಲ್ಲಿ ಕೂರುತ್ತಿದ್ದವರು ಸುಶೀಲಾಬಾಯಿ, ಮ್ಯಾನೇಜರಿಗಿಂತ ಹಳಬರು, ಮಂಡಿನೋವಿನವರು. ಮೊದಲು ಶಾಲು ಹೊದ್ದರು, ಆಮೇಲೆ ಕಾಲುಚೀಲ, ಆಮೇಲೆ ತಲೆಗೆ ಮಫ್ಲರ್. ಆ ದಿನ ಮನೆಯಿಂದ ಶೇಗಡಿಯನ್ನೇ ತಂದುಬಿಟ್ಟಿದ್ದರು. ಶೇಗಡಿ ಎಂದರೆ ಇದ್ದಿಲಿನ ಪುಟ್ಟ ಒಲೆ. ಅದನ್ನು ಚೀಲದಲ್ಲಿಟ್ಟುಕೊಂಡು ಬಂದು, ಪ್ಯಾಂಟ್ರಿಯಲ್ಲಿ ಕೆಂಡ ಮಾಡಿ, ಮೇಜಿನ ಕೆಳಗೆ ಕಾಲಬಳಿ ಇಟ್ಟುಕೊಂಡಿದ್ದರು. ಬರೀ ಕೆಂಡವಿದ್ದರೆ ಹೊಗೆ ಬರುತ್ತಿರಲಿಲ್ಲ. ಆದರೆ ಬೆಳಗಾವಿಯಲ್ಲಿ ಮಳೆ ಬರುತ್ತಿದೆ, ಕೆಂಡ ಕಣ್ಣ ಮುಂದಿದೆ, ಅಂದಮೇಲೆ ಯಾರಿಗಾದರೂ ಗೋವಿನಜೋಳದ ತೆನೆ ನೆನಪಾಗದೇ ಇರುತ್ತದೆಯೇ? ಮಕ್ತುಂಸಾಬ ಹೊರಗಿನ ಗಾಡಿಯಿಂದ ಎಳೆಯ ತೆನೆಗಳನ್ನು ತಂದ. ಸುಶೀಲಾಬಾಯಿ ಸುಡತೊಡಗಿದರು. ಉಪ್ಪು, ಖಾರ, ಲಿಂಬೆಹಣ್ಣು ಬಂತು. ಬೆಂಕಿ ಖಾತೆಯ ನಾನೂ ಒಂದು ತೆನೆ ಹಿಡಿದುಕೊಂಡು, ಕನ್ಯೆ ನೋಡಲು ಹೋಗುವಾಗ ಹಲ್ಲಿನಲ್ಲಿ ಕಾಳು ಸಿಕ್ಕಿಕೊಂಡರೆ ಹೇಗೆ ಎಂದು ಚಿಂತಿಸುತ್ತ ಪ್ಯಾಸೇಜಿನಲ್ಲಿ ನಿಂತು ತಿನ್ನುತ್ತಿದ್ದೆ.

ಗಂಟೆ ಬಾರಿಸಿತು. ಯಾರೋ ಜವಾನನನ್ನು ಕರೆದರು ಎಂದುಕೊಂಡೆ. ಒಳಗೆ ಸುಶೀಲಾಬಾಯಿ ಗಾಬರಿಯಾಗಿ, ಕೆಂಡ ಆರಿಸೋಣವೆಂದು ಶೇಗಡಿಗೆ ತಂಬಿಗೆ ನೀರು ಸುರಿದರು. ಆಗ ಎದ್ದಿತು ನೋಡಿ ಹೊಗೆ, ಸುಣ್ಣದ ಭಟ್ಟಿಯೇ ಒಳಗೆ ಬಂದ ಹಾಗೆ. ಭೋಂಗಾ ಹೊಯ್ಯೆಂದು ಶುರುವಾಯಿತು. ಸುಶೀಲಾಬಾಯಿ ಮಂಡಿನೋವು ಮರೆತು ಒಂದು ಕೈಯಲ್ಲಿ ಚಪ್ಪಲಿ, ಒಂದು ಕೈಯಲ್ಲಿ ಶೇಗಡಿ ಹಿಡಿದು ಹೊರಗೆ ಓಡಿಬಂದರು. ಪ್ಯಾನೆಲ್ಲಿನ ಕೆಂಪು ದೀಪಗಳು ಒಂದೊಂದಾಗಿ ಆರತೊಡಗಿದವು. ನಾನು ತೆನೆ ಎಸೆದು ಹಾರಿದೆ. ಜೀವನದಲ್ಲಿ ಮೊದಲ ಸಲ ನನ್ನ ಗಡಿಬಿಡಿ ಉಪಯೋಗಕ್ಕೆ ಬಂತು. ಹೆಬ್ಬೆರಳು ಹೋಗಿ ಗುಂಡಿಯ ಮೇಲೆ ಕೂತಾಗ ಎರಡೇ ದೀಪ ಉಳಿದಿದ್ದವು. ಭೋಂಗಾ ನಿಂತಿತು. ಇಡೀ ಆಫೀಸು ಚಪ್ಪಾಳೆ ತಟ್ಟಿತು. ನಾನು ಎಡಗೈ ಎತ್ತಿ ಎಲ್ಲರಿಗೂ ನಮಸ್ಕಾರ ಮಾಡಿದೆ.

ಆಮೇಲೆ ಏನು ಮಾಡಬೇಕೆಂಬುದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಕೀಲಿ ಬೇಕು. ಕೀಲಿ ದೇಶಪಾಂಡೆಯವರ ಬಳಿ. ದೇಶಪಾಂಡೆಯವರು ಆ ದಿನ ರಜೆ. ಸೇಫಿನ ಕೀಲಿಗಳನ್ನು ನೆನಪಿಟ್ಟು ಕೊಟ್ಟುಹೋಗಿದ್ದರು, ಯಾರೂ ಎಂದೂ ಉಪಯೋಗಿಸದ ನನ್ನ ಪುಟ್ಟ ಕೀಲಿ ಮಾತ್ರ ಅವರ ಜೊತೆಗೇ ಖಾನಾಪುರದಲ್ಲಿತ್ತು. ಮ್ಯಾನೇಜರ್ ಸಾಹೇಬರು ಮುಖ ಒರೆಸಿಕೊಳ್ಳುತ್ತ ಬಂದು ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿದರು. "ಶಿವಾನಂದ, ನಾಳೆ ಹೆಡ್ ಆಫೀಸಿನವರು ಕಂಪ್ಯೂಟರ್ ನೋಡಾಕ ಬರಾಕತ್ತಾರ. ಗ್ಯಾಸ್ ಏನರ ಹೊರಗ ಬಂತಂದ್ರ ನನ್ನ ಟ್ರಾನ್ಸ್‌ಫರ್ ಆಗತೈತಿ, ನಿಮ್ಮ ಕಾಯಂ ಆಗೂದು ಹೋಗತೈತಿ. ಬೆರಳು ಅಲುಗಸಬ್ಯಾಡ್ರಿ." ಬೇರೆಯವರು ಬಂದು ಒತ್ತಲಿ ಎಂದೆ. ಗುಂಡಿಯ ಸುತ್ತ ಒಂದು ಎತ್ತರದ ಉಂಗುರವಿತ್ತು, ಒಂದೇ ಹೆಬ್ಬೆರಳು ಹಿಡಿಸುವಷ್ಟು. ಒಬ್ಬನು ತೆಗೆದ ಮೇಲೆಯೇ ಇನ್ನೊಬ್ಬನು ಇಡಬೇಕು, ಉಳಿದದ್ದು ಎರಡು ದೀಪ. ಯಾರೂ ಮುಂದೆ ಬರಲಿಲ್ಲ. "ಕರೆಂಟ್ ತೆಗೆದರ ಹೆಂಗ?" ಎಂದು ಸುಶೀಲಾಬಾಯಿ ಕೇಳಿದರು. ಒಳಗೆ ಬ್ಯಾಟರಿ ಇತ್ತು. ಮಕ್ತುಂಸಾಬ ಮಾತ್ರ ಧೈರ್ಯ ಹೇಳಿದ. "ಮ್ಯಾಲ ಮಾಲಿಕ್ ಅದಾನ್ರಿ ಸಾಹೇಬ್ರ. ಅಂವ ನೋಡ್ಕೋತಾನ. ನೀವು ಬಟನ್ ಬಿಡಬ್ಯಾಡ್ರಿ ಅಷ್ಟ."

ಖಾನಾಪುರಕ್ಕೆ ಟ್ರಂಕ್ ಕಾಲ್ ಹಾಕಬೇಕು. ದೇಶಪಾಂಡೆಯವರ ಮನೆಯಲ್ಲಿ ಫೋನಿಲ್ಲ. ಅಲ್ಲಿ ಯಾರ ಬಳಿ ಫೋನಿದೆ ಎಂದು ಮ್ಯಾನೇಜರು ಕೇಳಿದಾಗ ನಾನು ತಲೆ ತಗ್ಗಿಸಿ ಸೀಮೆಎಣ್ಣೆ ಡಿಪೋದ ನಂಬರು ಹೇಳಿದೆ. ಇನ್ನೂ ಹುಡುಗಿಯ ಮುಖ ನೋಡಿಲ್ಲ, ಆಗಲೇ ಮಾವನ ಫೋನು ಬಳಸಿದೆ. ಡಿಪೋದ ಆಳು ಸೈಕಲ್ ಹತ್ತಿ ಹೋಗಿ ಬಂದು ವರದಿ ಕೊಟ್ಟ. "ರಾಯರು ಮಲಪ್ರಭಾ ಹೊಳಿ ದಂಡಿಮ್ಯಾಲ ಮಂತ್ರಾ ಹೇಳಾಕತ್ತಾರ್ರಿ. ಮುಗಿದ ಮ್ಯಾಲ ಬಸ್ ಹಿಡದು ಬರ್ತಾರಂತ." ಆ ಸುದ್ದಿ ಬಂದಾಗ ಗಡಿಯಾರದಲ್ಲಿ ಮೂರೂವರೆ. ನನಗೆ ಅಳು ಬರುವುದೊಂದು ಬಾಕಿ. ಮಕ್ತುಂಸಾಬನನ್ನು ಕರೆದು, ಟಿಳಕವಾಡಿಗೆ ಹೋಗಿ ಹೇಗಾದರೂ ಮಾಡಿ ತಿಳಿಸಿ ಹೇಳು ಎಂದು ಕಳಿಸಿದೆ. ಏನೆಂದು ತಿಳಿಸಬೇಕೆಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅವನು ಅಲ್ಲಿ ಹೋಗಿ ಹೇಳಿದ್ದು ಇಷ್ಟು ಎಂದು ಆಮೇಲೆ ತಿಳಿಯಿತು: "ಹುಡುಗ ಬೆರಳಿನಾಗ ಬೆಂಕಿ ಹಿಡಕೊಂಡು ನಿಂತಾನ್ರಿ. ಬಿಟ್ಟು ಬರಾಕ ಆಗಂಗಿಲ್ಲ." ಕಲ್ಲಪ್ಪಣ್ಣನವರ ಸಂಶಯದ ಸ್ವಭಾವಕ್ಕೆ ಇದಕ್ಕಿಂತ ಒಳ್ಳೆಯ ಮೇವು ಬೇಕೇ? "ಇಂಥಾ ನೆವಾ ನಾ ಎಲ್ಲೂ ಕೇಳಿಲ್ಲ. ಅಂವ ಬರದಿದ್ರ ನಾವ ಹೋಗೂಣು. ಖರೇನೋ ಸುಳ್ಳೋ ಕಣ್ಣೀಲೆ ನೋಡೂಣು" ಎಂದು ಎದ್ದರಂತೆ. ಹುಡುಗಿಯ ಅತ್ತೆ ಗಂಗವ್ವನವರು, ಮಾಡಿಟ್ಟ ಅವಲಕ್ಕಿ ಹಾಳಾಗಬಾರದೆಂದು ಅದನ್ನೂ ಡಬ್ಬಿಗೆ ತುಂಬಿಕೊಂಡರು. ಖಾಸಬಾಗದಿಂದ ನೇರ ಟಿಳಕವಾಡಿಗೆ ಬಂದು ಕೂತಿದ್ದ ನಮ್ಮ ಅವ್ವನನ್ನೂ ಹತ್ತಿಸಿಕೊಂಡು, ಎರಡು ಟಾಂಗಾ ಮಾಡಿಕೊಂಡು ಎಲ್ಲರೂ ಆಫೀಸಿಗೆ ಬಂದರು.

ನೀವೇ ಊಹಿಸಿಕೊಳ್ಳಿ. ಕನ್ಯೆ ನೋಡುವುದೆಂದರೆ ಹುಡುಗಿ ತಲೆ ತಗ್ಗಿಸಿ ನಿಲ್ಲುವುದು, ನಾವು ಚಕ್ಕಳಮಕ್ಕಳ ಹಾಕಿ ಕೂತು ನೋಡುವುದು. ಇಲ್ಲಿ ಎಲ್ಲ ತಿರುವುಮುರುವು. ಗೋಡೆಗೆ ಮುಖ ಮಾಡಿ, ಬಲಗೈ ಮುಂದೆ ಚಾಚಿ ನಿಂತವನು ನಾನು. ಪ್ಯಾಸೇಜಿನಲ್ಲಿ ಕುರ್ಚಿ ಹಾಕಿಕೊಂಡು ಸಾಲಾಗಿ ಕೂತು ನನ್ನ ಬೆನ್ನು ನೋಡಿದವರು ಅವರು. ಗಿರಿಜೆಗೆ ಸಿಕ್ಕ ಕುರ್ಚಿ ಸಿಲಿಂಡರುಗಳ ಪಕ್ಕದ್ದು, ನನ್ನಿಂದ ಒಂದೇ ಮಾರು ದೂರ. ಕೂರುವಾಗ ಅವಳ ಕೈಬಳೆ ಸಿಲಿಂಡರಿಗೆ ತಾಗಿ ಠಣ್ ಎಂದಿತು. ಎಂಥ ಇಂಪಾದ ನಾದ ಅಂತೀರಿ, ಗುಡಿಯ ಗಂಟೆಯಂತೆ ಎಷ್ಟೋ ಹೊತ್ತು ಕಿವಿಯಲ್ಲಿ ಉಳಿಯಿತು. ಶುಭಶಕುನ ಎಂದುಕೊಂಡೆ. ಅವಳು ಸಿಲಿಂಡರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಅವಳ ಬಾಯಿ ಸ್ವಲ್ಪ ತೆರೆಯಿತು. ಗಂಗವ್ವನವರು ಕೆಮ್ಮಿದರು. ಬಾಯಿ ಮುಚ್ಚಿತು. ಆಮೇಲೆ ಅವಳು ಇನ್ನೊಂದು ಸಲ, ಈಗ ಬೇಕೆಂದೇ, ಬೆರಳ ಗೆಣ್ಣಿನಿಂದ ಸಿಲಿಂಡರಿಗೆ ಮೆಲ್ಲಗೆ ಕುಟ್ಟಿದಳು. ಮತ್ತೆ ಠಣ್. ನಾಚಿಕೆಗೆ ಹೀಗೆ ಮಾಡುತ್ತಿದ್ದಾಳೆ ಎಂದು ಒಳಗೊಳಗೇ ಹಿಗ್ಗಿದೆ.

"ಏನಪಾ, ಈ ಬೆರಳು ತೆಗದ್ರ ಏನಾಗತೈತಿ?" ಎಂದು ಕಲ್ಲಪ್ಪಣ್ಣನವರು ಕೇಳಿದರು.

"ಗ್ಯಾಸ್ ಬರ್ತೈತ್ರಿ ಮಾವಾರ" ಎಂದೆ. ಮಾವ ಎಂದುಬಿಟ್ಟಿದ್ದೆ, ಗಡಿಬಿಡಿ. ಹಿಂದಿನಿಂದ ಅವ್ವ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು.

"ಎಷ್ಟೊತ್ತಿನಿಂದ ನಿಂತೀ?"

"ಊಟಾದ ಮ್ಯಾಲಿಂದ ನಿಂತೇನ್ರಿ."

ಅವರು ಹ್ಞೂಂ ಎಂದರು. ಅದು ಮೆಚ್ಚಿದ ಹ್ಞೂಂ ಇರಬಹುದೇ, ಡಿಪೋದ ತೂಕದ ಹ್ಞೂಂ ಇರಬಹುದೇ ಎಂದು ಬೆನ್ನಿನಿಂದ ಹೇಗೆ ತಿಳಿಯಬೇಕು? ಗಂಗವ್ವನವರು ಅವಲಕ್ಕಿ ಬಡಿಸಿ, ಗಿರಿಜೆಯ ಕೈಯಲ್ಲಿ ತಾಟು ಕೊಟ್ಟು ಕಳಿಸಿದರು. ಅವಳು ನನ್ನ ಪಕ್ಕಕ್ಕೆ ಬಂದು ನಿಂತಳು. ಬಲಗೈ ಗುಂಡಿಯ ಮೇಲಿದೆ. ಎಡಗೈಯಿಂದ ತಿಂದರೆ ಬೀಗರ ಮುಂದೆ ಮರ್ಯಾದೆಗೇಡು. ತಿನ್ನದಿದ್ದರೆ ಹುಡುಗಿ ಒಪ್ಪಿಗೆಯಿಲ್ಲವೆಂದು ಅರ್ಥ. ಈ ಧರ್ಮಸಂಕಟದಲ್ಲಿ ನಾನು ಬಾಯಿ ತೆರೆದುಕೊಂಡೇ ನಿಂತಿದ್ದೆ. ಬಾಯಿ ತೆರೆದದ್ದನ್ನು ಸುಶೀಲಾಬಾಯಿ ಬೇರೆ ರೀತಿ ತಿಳಿದರು. "ಪಾಪ, ಹಸದಾನ. ಒಂದು ತುತ್ತು ಹಾಕವ್ವಾ" ಎಂದುಬಿಟ್ಟರು. ಮದುವೆಯಾದ ಮೇಲೂ ಹಿರಿಯರ ಮುಂದೆ ಯಾರೂ ಹಾಗೆ ಮಾಡುವ ಕಾಲವಲ್ಲ ಅದು. ಗಿರಿಜೆ ತಂದೆಯ ಮುಖ ನೋಡಿದಳು, ನಾನೂ ಕತ್ತು ಹೊರಳಿಸಿದೆ, ಅವರು ಮಾಳಿಗೆ ನೋಡುತ್ತಿದ್ದರು. ಅವಳು ಚಮಚ ಎತ್ತಿ ಒಂದು ತುತ್ತು ಅವಲಕ್ಕಿ ನನ್ನ ಬಾಯಿಗೆ ಹಾಕಿದಳು. ಅದರಲ್ಲಿ ಉಪ್ಪು ಇತ್ತೋ ಇಲ್ಲವೋ, ಇವತ್ತಿನವರೆಗೂ ನನಗೆ ಗೊತ್ತಿಲ್ಲ. ಹೆಬ್ಬೆರಳಿಗೆ ಜೋಮು ಹಿಡಿದು ಅದು ನನ್ನದೇ ಎಂಬ ನೆನಪೂ ಹೋಗಿತ್ತು. ಆದರೆ ನಾನು ಅಷ್ಟು ಖುಷಿಯಾಗಿ ಜೀವನದಲ್ಲಿ ಎಂದೂ ನಿಂತಿರಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ದೇಶಪಾಂಡೆಯವರು ಬಂದರು. ಮಳೆಯಲ್ಲಿ ತೋಯ್ದು, ಹಣೆಗೆ ಗಂಧ, ಕಂಕುಳಲ್ಲಿ ಕೊಡೆ. ಎಲ್ಲರೂ ಎದ್ದು ನಿಂತು ದಾರಿ ಬಿಟ್ಟರು. ಅವರು ಗಂಭೀರವಾಗಿ ನನ್ನ ಬಳಿ ಬಂದು ಅಂಗಿಯೊಳಗೆ ಕೈ ಹಾಕಿದರು. ಸದ್ದಾಗಲಿಲ್ಲ. ಇನ್ನೊಂದು ಬಗಲಿನಿಂದ ಹಾಕಿದರು. ಜನಿವಾರ ಹೊರಗೆಳೆದರು. ಹೊಚ್ಚ ಹೊಸದು, ಬೆಳ್ಳಗೆ ಹೊಳೆಯುತ್ತಿತ್ತು. ಅದರಲ್ಲಿ ಏನೂ ಇರಲಿಲ್ಲ.

ನೂಲ ಹುಣ್ಣಿಮೆ ಎಂದರೆ ಏನೆಂದು ನಮಗೆ ಆಗ ಹೊಳೆಯಿತು. ಹೊಸ ಜನಿವಾರ ಹಾಕಿಕೊಂಡು ಹಳೆಯದನ್ನು ಹೊಳೆಗೆ ಬಿಡುವ ದಿನ.

"ಮನಿ ಕೀಲಿ ಬೆಳಿಗ್ಗೆನ ಬಿಚ್ಚಿ ನಮ್ಮಾಕಿ ಕೈಯಾಗ ಕೊಟ್ಟಿದ್ದೆ" ಎಂದು ದೇಶಪಾಂಡೆಯವರು ಸಣ್ಣ ದನಿಯಲ್ಲಿ ಹೇಳಿದರು. "ಇದು ಸಣ್ಣದು ನೋಡ್ರಿ. ಹಳೀ ಎಳಿಯೊಳಗ ಸಿಕ್ಕೊಂಡಿತ್ತು ಕಾಣಸ್ತದ. ಎಲ್ಲಾ ಕೂಡೇ ಮಲಪ್ರಭಾಕ್ಕ ಹೋತು."

ಇದನ್ನು ಕೇಳಿದ ಮ್ಯಾನೇಜರ್ ಸಾಹೇಬರು ಎರಡೂ ಕೈಯಿಂದ ನನ್ನ ಭುಜ ಹಿಡಿದು, "ಶಿವಾನಂದ, ಈಗೇನು ಮಾಡೂದ್ರಿ" ಎಂದು ಅಲುಗಾಡಿಸಿದರು. ಮಧ್ಯಾಹ್ನದಿಂದ ಬೆರಳು ಅಲುಗಿಸಬೇಡಿ ಎಂದವರೂ ಇವರೇ. ಹೆಬ್ಬೆರಳು ಜಾರಿತು. ಭೋಂಗಾ ಹೊಯ್ಯೆಂದಿತು. ಒಂದು ದೀಪ ಆರಿತು. ನಾನು ತಿರುಗಿ ಗುಂಡಿ ಹುಡುಕಿದರೆ ಜೋಮು ಹಿಡಿದ ಬೆರಳು ಉಂಗುರಕ್ಕೇ ಬಡಿಯುತ್ತಿದೆ, ಒಳಗೆ ಹೋಗುತ್ತಿಲ್ಲ. "ಓಡ್ರೀ" ಎಂದು ಯಾರೋ ಅಂದರು. ಮ್ಯಾನೇಜರು ಮುಂದೆ, ದೇಶಪಾಂಡೆಯವರು ಹಿಂದೆ, ಸುಶೀಲಾಬಾಯಿ ಶೇಗಡಿ ಸಮೇತ, ಕಲ್ಲಪ್ಪಣ್ಣನವರು ತಂಗಿ ಗಂಗವ್ವನವರ ಕೈ ಹಿಡಿದು, ಮಕ್ತುಂಸಾಬ ನಮ್ಮ ಅವ್ವನನ್ನು ಹೆಚ್ಚುಕಡಿಮೆ ಎತ್ತಿಕೊಂಡು, ಎಲ್ಲರೂ ಮಳೆಯಲ್ಲಿ ರಸ್ತೆಗೆ ಬಿದ್ದರು. ನಾನೂ ಓಡಿದೆ. ಎಲ್ಲರಿಗಿಂತ ಮೊದಲು ಓಡುವವನಲ್ಲವೇ, ಬಾಗಿಲಿನವರೆಗೆ ಮ್ಯಾನೇಜರನ್ನೂ ಹಿಂದೆ ಹಾಕಿದ್ದೆ. ಹೊಸ್ತಿಲಲ್ಲಿ ಕಾಲಿಟ್ಟು ತಿರುಗಿ ನೋಡಿದರೆ, ಗಿರಿಜೆ ಬಂದಿರಲಿಲ್ಲ. ಅವಳು ಸಿಲಿಂಡರಿನ ಪಕ್ಕದಲ್ಲಿ ಹಾಗೆಯೇ ನಿಂತು ಅವಲಕ್ಕಿಯ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದಳು. ಹೆದರಿ ದಿಕ್ಕು ತಪ್ಪಿದ್ದಾಳೆ ಎಂದು ನನ್ನ ಜೀವ ಬಾಯಿಗೆ ಬಂತು. ಹಿಂದೆ ಓಡಿದೆ. ಅವಳ ಮತ್ತು ಸಿಲಿಂಡರಿನ ನಡುವೆ ಹೋಗಿ ಎರಡೂ ಕೈ ಚಾಚಿ ನಿಂತು, ಕಣ್ಣು ಮುಚ್ಚಿಕೊಂಡೆ.

ಕೊನೆಯ ದೀಪ ಆರಿತು. ಸಿಲಿಂಡರಿನ ತಲೆಯ ಮೇಲೆ ಕಟ್ ಎಂಬ ಒಂದು ಸದ್ದು. ಅಷ್ಟೇ. ಭುಸ್ಸೂ ಇಲ್ಲ, ಗಿಸ್ಸೂ ಇಲ್ಲ. ಭೋಂಗಾ ತಾನಾಗಿ ನಿಂತಿತು. ಕಣ್ಣು ಬಿಟ್ಟು ನೋಡಿದರೆ ಹೊಸ್ತಿಲಲ್ಲಿ ಕಲ್ಲಪ್ಪಣ್ಣನವರು ತೋಯ್ದು ನಿಂತಿದ್ದರು, ಮಗಳು ಹಿಂದುಳಿದಳೆಂದು ಅವರೂ ತಿರುಗಿ ಬಂದಿದ್ದರು. ನಾನು ಕೈ ಚಾಚಿ ನಿಂತದ್ದನ್ನು ಪೂರ್ತಿ ನೋಡಿದ್ದರು. ರುಮಾಲು ತೆಗೆದು ಹಿಂಡಿ, ಮತ್ತೆ ತಲೆಗೆ ಸುತ್ತಿಕೊಂಡು, ಹಿಂದೆಯೇ ಬಂದು ನಿಂತಿದ್ದ ನಮ್ಮ ಅವ್ವನಿಗೆ ಹೇಳಿದರು. "ಬಿಡೂ ಪೈಕಿ ಅಲ್ಲ ಬಿಡ್ರಿ ನಿಮ್ಮ ಹುಡುಗ. ಮುಂದಿನ ಮಾತು ಆಡೂಣು." ನನಗೆ ಅಲ್ಲೇ ಕುಣಿಯಬೇಕೆನಿಸಿತು.

ಗ್ಯಾಸು ಯಾಕೆ ಬರಲಿಲ್ಲ ಎಂಬುದು ಮರುದಿನ ಮುಂಬಯಿಗೆ ಫೋನ್ ಮಾಡಿದಾಗ ತಿಳಿಯಿತು. ಸಿಲಿಂಡರುಗಳು ಖಾಲಿ. ರೈಲಿನಲ್ಲಿ ಖಾಲಿಯಾಗಿಯೇ ಕಳಿಸಿದ್ದರಂತೆ, ತುಂಬುವವನು ಬೇರೆ ಬರುವುದಿತ್ತಂತೆ, ಅವನು ಬಂದಿರಲಿಲ್ಲ, ನಮ್ಮಲ್ಲಿ ಯಾರೂ ಕೇಳಿರಲಿಲ್ಲ. "ಹಳದಿ ದೀಪ ಉರಿಯುತ್ತಿರಬೇಕಲ್ಲ, ಸಿಲಿಂಡರಿನಲ್ಲಿ ಏನೂ ಇಲ್ಲ ಅಂತಲೇ ಅದರ ಅರ್ಥ, ನಿಮ್ಮ ಆಪರೇಟರಿಗೆ ಹೇಳಿದ್ದೆನಲ್ಲ" ಎಂದನಂತೆ ಇಂಜಿನಿಯರ್. ಮ್ಯಾನೇಜರು ಫೋನ್ ಇಟ್ಟು ನನ್ನನ್ನು ಬಹಳ ಹೊತ್ತು ನೋಡಿದರು. ಆದರೆ ಸಿಲಿಂಡರು ತುಂಬಿಸದೇ ಇಟ್ಟ ವಿಷಯ ಹೆಡ್ ಆಫೀಸಿಗೆ ತಿಳಿಯುವುದು ಅವರಿಗೂ ಬೇಕಿರಲಿಲ್ಲ. ನನ್ನ ಕಾಯಂ ಕಾಗದಕ್ಕೆ ಅವತ್ತೇ ಸಹಿ ಬಿತ್ತು. ಮಕ್ತುಂಸಾಬ ಆ ಹಳದಿ ದೀಪವನ್ನು ಒರೆಸುವುದನ್ನು ನಿಲ್ಲಿಸಿದ.

ಮಾವನವರಿಗೆ ಈ ಖಾಲಿ ಸಿಲಿಂಡರಿನ ಸಂಗತಿಯನ್ನು ಕೊನೆಯವರೆಗೂ ಹೇಳಲಿಲ್ಲ. ಖಾನಾಪುರದ ಪೇಟೆಯಲ್ಲಿ ಅವರು ನನ್ನ ಹೆಬ್ಬೆರಳನ್ನು ಜನರಿಗೆ ತೋರಿಸುತ್ತಿದ್ದರು, ಆ ಸುಖ ಅವರಿಗೆ ಇರಲಿ ಎಂದುಕೊಂಡೆ. ಹೆಂಡತಿಗೂ ಹೇಳಿರಲಿಲ್ಲ. ಮದುವೆಯಾಗಿ ಎಷ್ಟೋ ದಿನದ ಮೇಲೆ, ನಮ್ಮ ಅಡಿಗೆಮನೆಗೆ ಹೊಸ ಗ್ಯಾಸು ಬಂತು. ತಂದವನು ಸಿಲಿಂಡರು ಇಳಿಸಿದ ಕೂಡಲೇ ಗಿರಿಜೆ ಬೆರಳ ಗೆಣ್ಣಿನಿಂದ ಅದಕ್ಕೊಮ್ಮೆ ಕುಟ್ಟಿ, ಧಪ್ ಎಂದದ್ದನ್ನು ಕೇಳಿ, "ತುಂಬೇತಿ, ಇಡ್ರಿ" ಎಂದಳು. ನನ್ನ ಎದೆಯೂ ಧಪ್ ಎಂದಿತು.

"ಇದನ್ನ ಯಾವಾಗ ಕಲತಿ?" ಎಂದು ಕೇಳಿದೆ.

"ಸೀಮಿಎಣ್ಣಿ ಡಿಪೋದಾಗ ಹು‌ಟ್ಟಿ ಬೆಳದೇನ್ರಿ. ಬ್ಯಾರಲ್ ತುಂಬೇತೋ ಖಾಲಿ ಐತೋ ಸಣ್ಣಾಕಿದ್ದಾಗಿಂದ ಸಪ್ಪಳದಾಗ ಗೊತ್ತಾಗತೈತಿ."

"ಹಂಗಾರ ಅವತ್ತ..."

"ಕೂತ ಕೂಡ್ಲೆ ಗೊತ್ತಾಗಿತ್ತು. ಎರಡೂ ಖಾಲಿ."

ನಾನು ಅಡಿಗೆಮನೆಯ ಕಟ್ಟೆ ಹಿಡಿದುಕೊಂಡೆ. ನಾಲ್ಕೈದು ತಾಸು ಜೋಮು ಹಿಡಿದು ನಿಂತ ಹೆಬ್ಬೆರಳು ಆಗ ಮತ್ತೊಮ್ಮೆ ಜುಮ್ಮೆಂದಿತು. "ಮತ್ತ ಹೇಳಲಿಲ್ಲ ಯಾಕ?"

"ಅತ್ತಿ ಹೇಳಿದ್ರು, ಅವರು ಏನರ ಕೇಳಿದ್ರಷ್ಟ ಮಾತಾಡು ಅಂತ. ನೀವು ಏನೂ ಕೇಳಲೇ ಇಲ್ಲಲ್ರಿ." ಇಷ್ಟು ಹೇಳಿ ಅವಳು ಒಲೆಯ ಮೇಲೆ ಹಾಲಿಟ್ಟಳು. ನನ್ನ ಕಡೆ ನೋಡದೆ ಇನ್ನೊಂದು ಮಾತು ಸೇರಿಸಿದಳು. "ಅದಕ್ಕೂ ಮೊದಲ ಇಬ್ಬರು ಬಂದು ನೋಡಿ ಹೋಗಿದ್ರು. ಚಾ ಆರೂದ್ರೊಳಗ ಎದ್ದು ಹೋದ್ರು. ನಿಮಗ ಎದ್ದು ಹೋಗಾಕ ಬರತಿದ್ದಿಲ್ಲ ನೋಡ್ರಿ. ಇನ್ನೊಂದಿಷ್ಟು ಹೊತ್ತು ನಿಂದರಲಿ ಅಂತ ನಾನೂ ಸುಮ್ಮನ ಕುಂತೆ."

ಗಡಿಬಿಡಿ ನನ್ನ ಹುಟ್ಟುಗುಣ ಎಂದು ಮೊದಲೇ ಹೇಳಿದ್ದೇನೆ. ಅದು ಹೋಗಿಲ್ಲ. ಆದರೆ ಈಗ ಮನೆಯಲ್ಲಿ ಏನಾದರೂ ಸುಟ್ಟ ವಾಸನೆ ಬಂದರೆ ನಾನು ಓಡುವುದಿಲ್ಲ. ಮೊದಲು ಅವಳ ಮುಖ ನೋಡುತ್ತೇನೆ. ಅವಳು ಕೂತೇ ಇದ್ದರೆ ನಾನೂ ಪಕ್ಕದಲ್ಲಿ ಕೂತುಕೊಂಡು, ಚಹಾ ಆರುವ ತನಕ ಕಾಯುತ್ತೇನೆ.